ಹುಳದ ಕೊಬ್ಬು, ಮಾವನ ತುಪ್ಪ

ಹುಳದ ಕೊಬ್ಬಿನ ಬಗ್ಗೆ ಸಂಶೋಧನೆ ಮಾಡುವವಳಿಗೆ ಇಂಥವು ಆಗುತ್ತಲೇ ಇರುತ್ತವೆ. ನೆಂಟರಲ್ಲಿ ಹೋಟೆಲಿನವರಿದ್ದರಂತೂ ಕೇಳುವುದೇ ಬೇಡ.

೧. ಕಿಟಕಿ ಸೀಟು

ನಮ್ಮ ಪಾರ್ಲೆ ಲ್ಯಾಬಿನಲ್ಲಿ ಸಾಕುವ ಜಂತುಹುಳಗಳು ಕೊಬ್ಬಿನಾಮ್ಲ ತಯಾರಿಸಿ ಹೊರಗೆ ಬಿಡುತ್ತವೆ. ಕೆಟ್ಟ ಬೆಣ್ಣೆಗೆ ಬೆವರಿನ ಕಾಲುಚೀಲ ಸೇರಿಸಿದಂಥ ವಾಸನೆ. ಒಮ್ಮೆ ಆ ಆಮ್ಲ ನನ್ನ ಕುರ್ತಾದ ಮೇಲೆ ಚೆಲ್ಲಿತು. ಹಾಗೇ ಲೋಕಲ್ ರೈಲು ಹತ್ತಿದೆ. ಮೂವರ ಬೆಂಚಿನಲ್ಲಿ ನಾಲ್ಕನೆಯವಳಿಗಾಗಿ ಕೂದಲೆಳೆಯಷ್ಟೂ ಸರಿಯದ ಹೆಂಗಸರು ಇಡೀ ಬೆಂಚು ಬಿಟ್ಟುಕೊಟ್ಟರು. ದಾದರ್‌ವರೆಗೆ ಕಿಟಕಿ ಪಕ್ಕ ಕಾಲು ಚಾಚಿ ಕೂತು ಬಂದೆ.

೨. ಉಲ್ಟಾ ಗ್ರೈಂಡರ್

ನನ್ನ ಸೋದರಮಾವನದು ಅಂಧೇರಿಯಲ್ಲಿ ಉಡುಪಿ ಹೋಟೆಲು. ಒಂದು ದಿನ ಅಲ್ಲಿ ಕೂತು ಮಾವನಿಗೆ ನನ್ನ ಹುಳದ ವಿಷಯ ಹೇಳಿದೆ. ಜಂತುಹುಳ ಮರಿಯಾಗಿರುವಾಗ, ಗಾಳಿ ಸಿಗುವಲ್ಲಿ, ನಮ್ಮಂತೆಯೇ ಕೊಬ್ಬನ್ನು ಒಡೆದು ಶಕ್ತಿ ಪಡೆಯುತ್ತದೆ. ಗಾಳಿಯಿಲ್ಲದ ಕರುಳಿನಲ್ಲಿ ದೊಡ್ಡದಾದ ಮೇಲೆ ಅದೇ ಕೆಲಸವನ್ನು ಹಿಂದುಮುಂದಾಗಿ ನಡೆಸಿ, ಚೂರು ಜೋಡಿಸಿ ಕೊಬ್ಬಿನಾಮ್ಲ ಮಾಡುತ್ತದೆ. ಇದನ್ನು ಹೇಳುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಮಾವ ಗ್ರೈಂಡರನ್ನೇ ನೋಡುತ್ತಾ, "ಹಿಟ್ಟು ಹಾಕಿ ಉಲ್ಟಾ ತಿರುಗಿಸಿದರೆ ಅಕ್ಕಿ ಬಂದ ಹಾಗಾ?" ಎಂದರು. ಹೆಚ್ಚುಕಡಿಮೆ ಹಾಗೇ ಎಂದೆ. ಅವರು ಮೆಕ್ಯಾನಿಕ್‌ಗೆ ಫೋನ್ ಮಾಡಿ, ಅಂಥ ಗ್ರೈಂಡರ್ ಸಿಗುತ್ತದಾ ಎಂದು ವಿಚಾರಿಸಿದರು. ಅವತ್ತು ಹಿಟ್ಟು ಬಹಳ ಉಳಿದಿತ್ತು.

೩. ಉರುಟೋ ಚಪ್ಪಟೆಯೋ

ಒಂದು ದಿನ ಮಾವ ಬೆವರುತ್ತಾ ಲ್ಯಾಬಿಗೇ ಬಂದರು. ಕೈಯಲ್ಲೊಂದು ಬಾಟಲಿ, ಅದರಲ್ಲಿ ಅವರ ಹೊಟ್ಟೆಯಿಂದ ಬಿದ್ದ ಹುಳದ ತುಂಡು. ನೋಡಿದರೆ ಲಾಡಿಹುಳ. ಉರುಟಾದ ಜಂತುಹುಳ ತೊಳೆಯದ ಸೊಪ್ಪಿನಿಂದ ಬರುತ್ತದೆ, ಈ ಚಪ್ಪಟೆಯದು ಸರಿಯಾಗಿ ಬೇಯದ ಮಾಂಸದಿಂದ ಎಂದೆ. ಮಾವನ ಮುಖ ಇಳಿದುಹೋಯಿತು. ಸಯನ್‌ನ ಮನೆಯಲ್ಲಿ ಅತ್ತೆ ಮೊಟ್ಟೆಯ ಹೆಸರನ್ನೂ ಎತ್ತಗೊಡುವವರಲ್ಲ. ಗೊತ್ತಾದರೆ ಮಾವನಿಗೆ ಮನೆಯಲ್ಲಿ ತಟ್ಟೆಯೇ ಸಿಗದು.

ಸಮಾಧಾನಕ್ಕೆಂದು ಹುಳದ ಕಥೆ ಹೇಳಿದೆ. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಒಂದು ತೊಟ್ಟು ಕೊಬ್ಬಿನಾಮ್ಲವನ್ನೂ ಸ್ವಂತ ಮಾಡಲು ಬಾರದು. ನೀವು ತಿಂದ ತುಪ್ಪದ್ದನ್ನೇ ಚರ್ಮದಿಂದ ಹೀರಿ ಬೆಳೆಯುತ್ತದೆ ಎಂದೆ. ಮಾವ ಭಯವನ್ನೇ ಮರೆತರು. ಬಾಟಲಿಯನ್ನು ಬೆಳಕಿಗೆ ಹಿಡಿದು, "ಅಡುಗೆಮನೆಯೇ ಇಲ್ಲದೆ ಇಷ್ಟು ದೊಡ್ಡ ವ್ಯವಹಾರವಾ ಮಾರಾಯ್ತಿ?" ಎಂದರು. ನನಗೂ ಅಷ್ಟೇ ಬೆರಗು. ಮಾವನದು ಉರುಟು ಹುಳ, ಸೊಪ್ಪಿನದು, ಮಾಂಸದಿಂದ ಬರುವ ಚಪ್ಪಟೆಯದಲ್ಲ ಎಂದು ಅತ್ತೆಗೆ ನಾನೇ ಹೇಳಿದೆ.

ಡಾಕ್ಟರು ಮನೆಯವರೆಲ್ಲ ಮಾತ್ರೆ ನುಂಗಬೇಕೆಂದರು. ವಾರದೊಳಗೆ ಅತ್ತೆಯ ಫೋನು ಬಂತು, ಪಿಸುದನಿಯಲ್ಲಿ.

"ಮಾವನದ್ದು ಉರುಟು ಅಂತ ಖಂಡಿತವಾ?"

ಖಂಡಿತ ಎಂದೆ.

"ನನ್ನದು ಚಪ್ಪಟೆ ಉಂಟು ಮಾರಾಯ್ತಿ. ಮಾವ ಕೇಳಿದರೆ ಉರುಟು ಅಂತಲೇ ಹೇಳು. ಪಾಪ, ಅವರು ಶುದ್ಧ ಸಸ್ಯಾಹಾರಿ, ತಡೆದುಕೊಳ್ಳಲಿಕ್ಕಿಲ್ಲ."