ಹಾಲು ಉಕ್ಕಲು ಬಿಡದ ಮ್ಯಾಟು

"ಅತ್ತಿಗೆ, ಇನ್ನು ಈ ಮನೇಲಿ ಹಾಲು ಉಕ್ಕೋ ಮಾತೇ ಇಲ್ಲ!" ಎಂದು ಮೈದುನ ಫಾಲಾಕ್ಷ ಎದೆಯುಬ್ಬಿಸಿ ಹೇಳಿದಾಗಲೇ ಶಿವಗಂಗಮ್ಮನವರು ಸೊಂಟಕ್ಕೆ ಕೈಯಿಟ್ಟು ಅವನತ್ತ ತಿರುಗಿದರು. ಗೃಹಪ್ರವೇಶದ ದಿನ, ಹಾಲು ಉಕ್ಕಿಸುವ ಮುಹೂರ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ ಆಡುವ ಮಾತೇ ಇದು?

ದಾವಣಗೆರೆಯ ಆ ಹೊಸ ಫ್ಲ್ಯಾಟಿಗೆ ಗ್ಯಾಸ್ ಇನ್ನೂ ಬಂದಿರಲಿಲ್ಲ. ಇದ್ದದ್ದು ಇಂಡಕ್ಷನ್ ಒಲೆ. ಅದರ ಗಾಜಿಗೆ ಗೀರು ಬೀಳಬಾರದೆಂದು ಫಾಲಾಕ್ಷ ತಾನೇ ತಯಾರಿಸಿದ ನೀಲಿ ಸಿಲಿಕೋನ್ ಮ್ಯಾಟು ಹಾಸಿದ್ದ. ಹಾಲು ಉಕ್ಕುವ ಮೊದಲೇ ತಂತಿಯೊಂದರ ಮೂಲಕ ಒಲೆ ಆರಿಸಿ, ಬಾಯಿಬಿಟ್ಟು ಹೇಳುವಷ್ಟು ಬುದ್ಧಿ ಬೇರೆ ಅದಕ್ಕಿತ್ತಂತೆ!

"ಇವತ್ತೊಂದು ಸಲ ಉಕ್ಕೋಕೆ ಬಿಡು ಅಂತ ಅದಕ್ಕೆ ಹೇಳಿಟ್ಟಿದೀನಿ, ಅತ್ತಿಗೆ."

"ರಬ್ಬರು ಸುಟ್ಟು ನಾರಲ್ವೇನೋ?"

"ರಬ್ಬರಲ್ಲ, ಸಿಲಿಕೋನ್! ಬಿಸಿ ಆಗೋದು ಪಾತ್ರೆ, ಒಲೆಯಲ್ಲ."

"ಆ ಬಿಸಿ ಪಾತ್ರೆ ಕೂತಿರೋದು ಯಾರ ತಲೆ ಮೇಲೆ?"

ಫಾಲಾಕ್ಷ ಹಲ್ಲು ಕಿರಿದ. ಹಲ್ಲು ಕಿರಿಯುವ ಫಾಲಾಕ್ಷನನ್ನು ನಂಬಬಾರದೆಂದು ಶಿವಗಂಗಮ್ಮ ಮದುವೆಯಾಗಿ ಬಂದ ವರ್ಷವೇ ಕಲಿತಿದ್ದರು.

ಹಾಲು ಅಂಚಿಗೆ ಬಂತು. ನೆಂಟರೆಲ್ಲ ಕತ್ತು ಚಾಚಿದರು. ಟಿಣ್! ಒಲೆ ಆರಿತು. "ಅಪಾಯ ತಪ್ಪಿದೆ" ಎಂದಿತು ಮ್ಯಾಟು. ಹಾಲು ಸುಮ್ಮನೆ ಕೆಳಗಿಳಿಯಿತು.

ಮತ್ತೆ ಹಚ್ಚಿದರು. ಮತ್ತೆ ಟಿಣ್! "ಅಪಾಯ ತಪ್ಪಿದೆ. ಈ ಮನೆಯವರ ಮೇಲೆ ಕಣ್ಣಿಡಲಾಗಿದೆ."

"ನನ್ನ ಮನೇಲಿ ನನ್ನ ಮೇಲೇ ಅನುಮಾನನಾ ಇದಕ್ಕೆ!" ಶಿವಗಂಗಮ್ಮ ಕೆಂಡವಾದರು. ಹೊಸ ಮನೆಯಲ್ಲಿ ಹಾಲು ಉಕ್ಕದಿದ್ದರೆ ಸಿರಿ ಉಕ್ಕುವುದೆಲ್ಲಿಂದ? "ಕಿತ್ತು ಹಾಕೋ ಅದನ್ನ!"

ಎಳೆದರೆ ಬರಲಿಲ್ಲ, ಪಾತ್ರೆಯ ತಳವನ್ನು ಕಚ್ಚಿಕೊಂಡಿತ್ತು. "ಮುಹೂರ್ತ ಮುಗಿಯೋಕೆ ಐದೇ ನಿಮಿಷ ಉಳಿದಿದೆ, ತಾಯಿ" ಎಂದರು ಪೂಜೆಗೆ ಬಂದಿದ್ದ ಅಯ್ಯನವರು. ಫಾಲಾಕ್ಷ ಬೆವರೊರೆಸಿಕೊಂಡು, ಮ್ಯಾಟಿನಿಂದ ಒಲೆಗೆ ಹೋಗಿದ್ದ ತಂತಿಯನ್ನೇ ಕತ್ತರಿಸಿದ. "ಇನ್ನು ಅದು ಒಲೆ ಆರಿಸೋಕಾಗಲ್ಲ! ಪೂರ್ತಿ ಉರಿ ಕೊಡಿ, ಅತ್ತಿಗೆ!"

ಹಾಲು ಏರಿತು. ಒಲೆ ಆರಿಸಲಾಗದ ಮ್ಯಾಟು ನಾಲ್ಕೂ ಅಂಚು ಎತ್ತಿ ಪಾತ್ರೆಯ ಬಾಯನ್ನೇ ಗಟ್ಟಿಯಾಗಿ ಮುಚ್ಚಿಬಿಟ್ಟಿತು! ಪಾತ್ರೆ ಗುಡುಗಿತು. ನೆಂಟರು ಪಡಸಾಲೆಗೆ ಓಡಿದರು. ಢಮಾರ್! ಮ್ಯಾಟು ಕಿತ್ತುಬಂದು ನೆಲಕ್ಕೆ ಬಿತ್ತು. ನೊರೆಹಾಲು ಪೂರ್ವದ ಕಿಟಕಿಯಿಂದ ಹಾರಿ ಎದುರು ಬಿಲ್ಡಿಂಗಿನ ಸುಲೋಚನಮ್ಮನ ಬಾಲ್ಕನಿಯಲ್ಲಿ ಸುರಿಯಿತು.

"ಮುಹೂರ್ತದೊಳಗೇ ಉಕ್ತು. ಪೂರ್ವಕ್ಕೇ ಬಿತ್ತು" ಎಂದ ಅಯ್ಯನವರು, ಕಿಟಕಿಯಾಚೆ ಇಣುಕಿ ತಲೆ ಕೆರೆದುಕೊಂಡರು. "ಆದ್ರೆ ಬಿದ್ದಿದ್ದು ಅವ್ರ ಮನೇಲಿ. ಸಿರಿನೂ ಅತ್ಲಾಗೇ ಹೋಗಿರ್ಬೇಕು."

ಶಿವಗಂಗಮ್ಮ ಮ್ಯಾಟನ್ನು ಎರಡು ಬೆರಳಲ್ಲಿ ಎತ್ತಿ ಮೈದುನನ ಕೈಗಿಟ್ಟರು.

"ಇದನ್ನೂ ಅವ್ರಿಗೇ ಕೊಟ್ಟು ಬಾರಪ್ಪ. ಸಿರಿ ಹೋದ ಮನೆಗೆ ಶನಿನೂ ಹೋಗ್ಲಿ."