ಖಂಡೆಪ್ಪನವರ ಲಾನು, ಶಂಕ್ರೆವ್ವನ ಕಣಜ

ಇಂಡಿ ಊರಿನ ನಿವೃತ್ತ ತಲಾಠಿ, ಎಂದರೆ ಗ್ರಾಮಲೆಕ್ಕಿಗ, ಖಂಡೆಪ್ಪನವರಿಗೆ ಲಾನಿನ ಹುಚ್ಚು ಹತ್ತಿದ್ದು ಮುದ್ದೇಬಿಹಾಳದ ಬೀಗರ ಮನೆಯಲ್ಲಿ. ಬೀಗ ಹಣಮಂತ್ರಾಯರು ಹಸಿರು ಹುಲ್ಲಿನ ಮೇಲೆ ಕುರ್ಚಿ ಹಾಕಿಸಿ ಚಹಾ ಕೊಟ್ಟರು ನೋಡಿ, ಅಂದಿನಿಂದ ಇವರಿಗೆ ಸ್ವಂತ ಅಂಗಳ ಕಣ್ಣಿಗೆ ಚುಚ್ಚತೊಡಗಿತು. ತಿಂಗಳೊಪ್ಪತ್ತಿನಲ್ಲಿ ಇಂಡಿಯಲ್ಲೂ ಹುಲ್ಲು ಹಾಸಿಯಾಯಿತು. ಮೂಲೆಯ ನಿಂಬೆಗಿಡ ಉಳಿದದ್ದು ಹೆಂಡತಿ ಶಂಕ್ರೆವ್ವನ ಹೆದರಿಕೆಗೆ. ಹದಿನೆಂಟು ವರ್ಷದಿಂದ ಆಕೆ ಸಂತೆಯಲ್ಲಿ ಒಂದು ನಿಂಬೆಹಣ್ಣು ಕೊಂಡವಳಲ್ಲ. (ಓಣಿಗೆಲ್ಲ ಉಪ್ಪಿನಕಾಯಿ ಹಂಚುವ ಆಕೆಯ ದೌಲತ್ತೆಲ್ಲ ಆ ಗಿಡದ್ದೇ.)

ಲಾನಿನ ಮಹಾರಾಜರಿಗೆ ಇದ್ದ ಒಂದೇ ಸಂಕಟ ಪ್ರಜೆಗಳದು. ಹುಲ್ಲಿನಲ್ಲಿ ಇರುವೆ, ಜೀರುಂಡೆ. ಮೇಲಾಗಿ ಪಡಸಾಲೆಯ ಸೂರಿನಲ್ಲಿ ಗೂಡು ಕಟ್ಟಿದ ಕಣಜಗಳು ಚಹಾದ ಕಪ್ಪಿಗೆ ಪ್ರದಕ್ಷಿಣೆ ಹಾಕುತ್ತಿದ್ದವು.

"ಬಾಬುಲಾಲನ ಅಂಗಡ್ಯಾಗಿಂದ ಎಣ್ಣಿ ತಂದೇನಿ. ಹೊಡದ್ನಂದ್ರ ಒಂದ ಹುಳಾ ಉಳ್ಯಾಂಗಿಲ್ಲ!"

"ಬ್ಯಾಡ್ರಿ. ಆ ಕಣಜ ದಿನಾ ನಿಂಬಿಗಿಡದಾಗಿನ ಹುಳಾ ಹಿಡ್ಕೊಂಡ ಹೋಗ್ತಾವ. ರೊಟ್ಟಿ ಬಡಿಯೂಮುಂದ ಕಿಡಕ್ಯಾಗಿಂದ ನೋಡ್ತೇನಿ."

"ಕಣಜಕ್ಕ ಪಗಾರ ಕೊಟ್ಟ ಇಟ್ಕೊಂಡಿ ಏನು?"

"ಪಗಾರಿಲ್ದ ದುಡೀತಾವ, ಅದಕ್ಕ ನಿಮಗ ಕಿಮ್ಮತ್ತಿಲ್ಲ. ನನ್ನಂಗ!"

ಖಂಡೆಪ್ಪನವರು ಪಂಪು ಬೆನ್ನಿಗೇರಿಸಿ ಹುಲ್ಲಿಗೂ ಸೂರಿಗೂ ಮೂರು ಸಲ ಎಣ್ಣೆ ಹೊಡೆದರು. ಗಿಡದ ಹತ್ತಿರ ಮಾತ್ರ ಶಂಕ್ರೆವ್ವ ಲಟ್ಟಣಿಗೆ ಹಿಡಿದು ಕಾವಲು ನಿಂತಿದ್ದಳು. ಮರುದಿನ ಅಂಗಳ ತಣ್ಣಗಾಯಿತು. ಒಂದು ಗುಂಯ್ಯೆನ್ನುವ ಸದ್ದಿಲ್ಲ. ಮಹಾರಾಜರು ಕಾಲು ಚಾಚಿ ಚಹಾ ಕುಡಿದರು.

ಎಲ್ಲಿಂದಲೋ ಬಂದ ಚಿಟ್ಟೆಗಳು ಗಿಡದಲ್ಲಿ ಮೊಟ್ಟೆಯಿಟ್ಟು ಹೋದವು. ಮರಿಹುಳಗಳನ್ನು ಕೇಳುವವರಿಲ್ಲ, ತಿಂದದ್ದೇ ತಿಂದದ್ದು. ತಿಂಗಳಲ್ಲಿ ಗಿಡದಲ್ಲಿ ಎಲೆಗಿಂತ ಮುಳ್ಳೇ ಹೆಚ್ಚಾದವು, ಮಿಡಿಗಳು ಉದುರಿದವು. ಶಂಕ್ರೆವ್ವ ಸಂತೆಗೆ ಹೋಗಿ, ಸೆರಗಿನ ಮರೆಯಲ್ಲಿ ನಾಲ್ಕು ನಿಂಬೆಹಣ್ಣು ತಂದಳು. ತಂದವಳೇ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟಳು. ಖಂಡೆಪ್ಪನವರು ಬಾಗಿಲಲ್ಲಿ ನಿಂತು ಇಣುಕಿದರು.

"ಗಿಡಕ್ಕೂ ಒಂದ ಸಲ ಎಣ್ಣಿ..."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಣಜದ ನೌಕರಿ ಖಾಲಿ ಐತಿ. ನಾಳಿಂದ ನೀವ ಹಾಜರಾಗ್ರಿ."

ಹಾಜರಾದರು. ಬೆಳಗಿನ ಆರಕ್ಕೇ ಸ್ಟೂಲು ಹತ್ತಿ, ಚಿಮಟಾದಿಂದ ಒಂದೊಂದೇ ಹುಳ ಹಿಡಿಯುವುದು, ಡಬ್ಬಿಗೆ ಹಾಕುವುದು. ಕೈಯೆಲ್ಲ ಮುಳ್ಳಿನ ಗೀರು. ಲಾನಿಗೆ ನೀರು ಬಿಡಲು ಪುರಸೊತ್ತಿಲ್ಲದೆ ಹುಲ್ಲು ಹಳದಿಯಾಯಿತು. ಲಾನು ನೋಡಲೆಂದೇ ಬಂದ ಹಣಮಂತ್ರಾಯರು ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಹೋದರು. ಲಾನಿನ ಧಣಿಗಳು ಗಿಡದಲ್ಲಿದ್ದರು.

ಎರಡು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅವರ ಕಿವಿಯ ಬಳಿ ಗುಂಯ್ ಎಂದಿತು. ತಿರುಗುವಷ್ಟರಲ್ಲಿ ಮೂಗಿಗೆ ಬೆಂಕಿ ಇಟ್ಟಂತಾಯಿತು. ಖಂಡೆಪ್ಪನವರು ಚಿಮಟಾ ಬಿಸಾಕಿ, ಊದುತ್ತಿದ್ದ ಮೂಗು ಹಿಡಿದುಕೊಂಡು ಸ್ಟೂಲಿನ ಮೇಲೇ ಕುಣಿದರು.

"ಏ ಶಂಕ್ರೆವ್ವಾ! ಬಂತ ನೋಡ, ಕಣಜ ಬಂತು! ಮೂಗಿಗೇ ಚುಚ್ಚೈತಿ!"

ಹಿಟ್ಟಿನ ಕೈಯಲ್ಲೇ ಓಡಿಬಂದ ಶಂಕ್ರೆವ್ವ ಗಂಡನನ್ನು ದಾಟಿ, ಕಣ್ಣರಳಿಸಿ ಗಿಡದಲ್ಲಿ ಹುಡುಕಿದಳು.

"ಎಲ್ಲೈತ್ರಿ? ಅದಕ್ಕ ಪೆಟ್ಟೇನೂ ಆಗಿಲ್ಲಲ್ಲ?"