ಅತ್ತೆಯ ಆಟಕ್ಕೆ ನಾನು ಕೊಟ್ಟ ಗ್ಯಾರಂಟಿ

ಮೀನಿನ ಕಿವಿರು ಎತ್ತಿ ನೋಡುವ ಅತ್ತೆ ನಿಮಗೂ ಇದ್ದರೆ, ಇದನ್ನು ಓದಿ ನನಗಾಗಿ ಒಂದು ತೊಟ್ಟು ಕಣ್ಣೀರು ಹಾಕಿ. ಇಲ್ಲದವರು ನಗುತ್ತೀರಿ ಎಂದು ನನಗೆ ಗೊತ್ತು. ನಗಿ, ಅಡ್ಡಿಯಿಲ್ಲ.

ನನ್ನ ಅತ್ತೆ ರತ್ನಾವತಿಯಮ್ಮ ಕದ್ರಿ ದೇವಸ್ಥಾನದ ಕೆರೆಯ ಮೆಟ್ಟಿಲಲ್ಲಿ ಜಾರಿ, ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಿಜೈಯ ನಮ್ಮ ಮನೆಗೆ ವಿಶ್ರಾಂತಿಗೆಂದು ಬಂದರು. ವಿಶ್ರಾಂತಿ ಅವರಿಗೆ. ಗೇಟಿಗೆ ನೇರವಾಗಿ ಜಗಲಿಯಲ್ಲಿ ಆರಾಮ ಕುರ್ಚಿ ಹಾಕಿಸಿ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತರೆಂದರೆ, ಅವರ ಅಪ್ಪಣೆಯಿಲ್ಲದೆ ಒಂದು ಕಾಗೆಯೂ ಒಳಗೆ ಬರುವಂತಿರಲಿಲ್ಲ. ನಾನು ಕಾಗೆಗಿಂತಲೂ ಕಡೆ. ನನ್ನ ಕೈಯಲ್ಲಿ ಮೀನಿನ ಚೀಲ ಬೇರೆ ಇರುತ್ತಿತ್ತು.

ಕಾಲವಾದರೂ ಎಂಥದು! ಮಳೆ ಬಿಟ್ಟು ಬೋಟುಗಳು ಕಡಲಿಗಿಳಿದು, ಬಂದರಿನ ದಕ್ಕೆಯಲ್ಲಿ ಬಂಗುಡೆ ರಾಶಿ ಬೀಳುವ ಕಾಲ. ವರ್ಷವಿಡೀ ಇನ್ಶೂರೆನ್ಸ್ ಆಫೀಸಿನಲ್ಲಿ ಇತರರ ಜೀವಕ್ಕೆ ಬೆಲೆ ಕಟ್ಟುವ ಈ ನಿತ್ಯಾನಂದನಿಗೆ ತನ್ನ ಜೀವಕ್ಕೂ ಒಂದು ಅರ್ಥವಿದೆ ಎಂದು ಅನಿಸುವುದೇ ಆ ಕೆಲವು ತಿಂಗಳು. ಬೆಳಿಗ್ಗೆ ಎದ್ದು ದಕ್ಕೆಗೆ ಹೋಗಿ, ಮೀನು ಮಾರುವ ಆಸ್ಯಮ್ಮನ ಬುಟ್ಟಿಯಿಂದ ಆರಿಸಿ ತಂದರೆ, ಜಗಲಿಯಲ್ಲಿ ತಪಾಸಣೆ. (ನಮ್ಮ ಮನೆಮಾತು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ತುಳುವಿನಲ್ಲಿ ಇನ್ನೂ ಖಾರವಾಗಿತ್ತು.)

"ಎಂತ ತಂದದ್ದು ನಿತ್ಯಾನಂದರೇ?"

"ಬಂಗುಡೆ, ಮಾಮಿ. ಈಗಷ್ಟೇ ಬೋಟಿನಿಂದ ಇಳಿದದ್ದು."

ಅತ್ತೆ ಕಿವಿರು ಎತ್ತಿ ನೋಡುತ್ತಾರೆ. ಮೂಸುತ್ತಾರೆ. "ಬೋಟಿನಿಂದ ಇಳಿದದ್ದು ಹೌದು. ಯಾವ ವಾರ ಅಂತ ಕೇಳಿದ್ದೀರಾ?"

ಅಷ್ಟಕ್ಕೇ ಮುಗಿಯುವುದಿಲ್ಲ. "ಆಶಾಲತಾ, ನಿನ್ನ ಗಂಡನಿಗೆ ಒಂದು ಸಾಕು. ಬಿ.ಪಿ. ಉಂಟಲ್ಲ ಅವರಿಗೆ. ಎಣ್ಣೆಯಲ್ಲಿ ಕಾಯಿಸಿದ್ದು ಕೊಡಬೇಡ, ಸಾರಿನ ಗಸಿಯಲ್ಲಿ ಒಂದು ತುಂಡು ಹಾಕು." ಅತ್ತೆಗೆ ಮಾತ್ರ ಎಲುಬು ಕೂಡಲಿಕ್ಕೆ ದಿನಾಲೂ ಮೀನು ತಿನ್ನಬೇಕೆಂದು ಡಾಕ್ಟರ ಅಪ್ಪಣೆ! ಡಾಕ್ಟರು ಇದನ್ನು ಒಮ್ಮೆ ಹೇಳಿದ್ದು. ಅತ್ತೆ ಪ್ರತಿ ಊಟದಲ್ಲೂ ಹೇಳುತ್ತಿದ್ದರು.

ಹೀಗಿರುವಾಗ ಹೆಂಡತಿಯ ತಮ್ಮ ಚಿತ್ತರಂಜನ ದುಬೈಯಿಂದ ರಜೆಯಲ್ಲಿ ಬಂದ. ಸೆಂಟು, ಸಾಬೂನು, ಖರ್ಜೂರದ ಜೊತೆಗೆ ಟಿ.ವಿ.ಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಎಂಬ ಒಂದು ಕಪ್ಪು ಪೆಟ್ಟಿಗೆಯನ್ನೂ, ಅದಕ್ಕೆ ಮೂರು ಕ್ಯಾಸೆಟ್‌ಗಳನ್ನೂ ತಂದಿದ್ದ. ಮೂರೂ ಹಾರುವ ಆಟಗಳೇ. ಪರದೆಯ ಮೇಲೆ ಒಬ್ಬ ಪುಟ್ಟ ಮನುಷ್ಯ ಹಲಗೆಯಿಂದ ಹಲಗೆಗೆ ಹಾರಬೇಕು, ಏಣಿ ಹತ್ತಬೇಕು, ಹೊಂಡಕ್ಕೆ ಬೀಳಬಾರದು.

"ಭಾವ, ಅಮ್ಮ ಕೂತಲ್ಲೇ ಕೂತು ಬೇಜಾರು ಮಾಡಿಕೊಂಡಿದ್ದಾಳೆ. ಅವಳ ಪ್ರಾಯಕ್ಕೆ ಯಾವುದು ಆಗ್ತದೆ, ನೀವೇ ನೋಡಿ ಹೇಳಿ" ಎಂದ.

ನನ್ನ ತಲೆಯಲ್ಲಿ ಟ್ಯೂಬ್‌ಲೈಟ್ ಹತ್ತಿದ್ದು ಆಗಲೇ. ಅತ್ತೆ ಟಿ.ವಿ. ಮುಂದೆ ಕುಳಿತರೆ ಜಗಲಿ ಖಾಲಿ! ಜಗಲಿ ಖಾಲಿಯಾದರೆ ಚೀಲ ನೇರ ಅಡುಗೆಮನೆಗೆ! ಮರುಕ್ಷಣವೇ ನಾನು ಆಯ್ಕೆ ಸಮಿತಿಯ ಅಧ್ಯಕ್ಷನಾದೆ.

ಮೊದಲ ಕ್ಯಾಸೆಟ್ಟಿನಲ್ಲಿ ಹಾಳು ಕೋಟೆ, ಒಳಗೆಲ್ಲ ದೆವ್ವಗಳು. ತಿರಸ್ಕೃತ. ಅತ್ತೆ ಇದನ್ನು ನೋಡಿದರೆ ಯಾವ ದೈವಕ್ಕೆ ಯಾವ ಹರಕೆ ಬಾಕಿಯಾಯಿತು ಎಂದು ಮನೆಯವರನ್ನೆಲ್ಲ ವಿಚಾರಣೆಗೆ ನಿಲ್ಲಿಸುತ್ತಾರೆ. ಎರಡನೆಯದರಲ್ಲಿ ಮಂಜುಗಡ್ಡೆಯ ನೆಲ, ಕಾಲಿಟ್ಟಲ್ಲೆಲ್ಲ ಜಾರುತ್ತದೆ. ಜಾರಿಯೇ ಈ ಸ್ಥಿತಿಗೆ ಬಂದವರಿಗೆ ಅದನ್ನು ಕೊಡಲು ನಾನೇನು ರಾಕ್ಷಸನೇ? ಮೂರನೆಯದು ತೋಟ. ಹಸಿರು ಹಲಗೆ, ಏಣಿ, ಅಲ್ಲಲ್ಲಿ ತೂಗುವ ಹಣ್ಣು. ನೀಲಿ ಚಡ್ಡಿಯ ಮನುಷ್ಯ ಹಾರಿ ಹಾರಿ ಹಣ್ಣು ಕೀಳುತ್ತಾನೆ. ಒಂದು ಸುತ್ತು ನಾನೇ ಆಡಿ ನೋಡಿದೆ. (ಒಂದೇ ಸುತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ.)

"ಇದು ಸಾತ್ವಿಕ ಆಟ, ಮಾಮಿ" ಎಂದು ಶಿಫಾರಸು ಮಾಡಿದೆ. "ಹೊಡೆದಾಟ ಇಲ್ಲ, ಬಡಿದಾಟ ಇಲ್ಲ. ಒಂದು ಇರುವೆಗೂ ನೋವಿಲ್ಲ. ಇದಕ್ಕೆ ನಾನು ಗ್ಯಾರಂಟಿ."

ಅತ್ತೆ ಸಂಶಯದಿಂದಲೇ ಆಟದ ಹಿಡಿಕೆ ಹಿಡಿದರು. ನೀಲಿ ಚಡ್ಡಿಯವನು ಮೊದಲನೇ ಹೊಂಡಕ್ಕೇ ಬಿದ್ದ. "ಅಯ್ಯೋ ಪಾಪ! ಎಲ್ಲಿಯಾದರೂ ಮುರಿಯಿತಾ ಅವನಿಗೆ?" ಎಂದು ಕೇಳಿದರು. ಮತ್ತೆ ಎದ್ದು ನಿಂತದ್ದನ್ನು ಕಂಡು ಖುಷಿಯಾಗಿ, ಅವನಿಗೆ ಕಿಟ್ಟ ಎಂದು ಹೆಸರಿಟ್ಟರು. ಸಂಜೆಯ ಹೊತ್ತಿಗೆ ಕಿಟ್ಟ ಏಣಿ ಹತ್ತಿದ. ಮರುದಿನ ಹೊಂಡಗಳನ್ನೆಲ್ಲ ದಾಟಿ ಹಣ್ಣು ಕಿತ್ತ.

"ನೋಡು ಆಶಾ, ನನ್ನ ಕಾಲು ಮೂಲೆ ಹಿಡಿದರೂ ಇವನ ಕಾಲುಂಟಲ್ಲ, ಸಾಕು" ಎಂದು ನಕ್ಕರು. ಕಾಲು ಮುರಿದ ಮೇಲೆ ಅತ್ತೆ ಹಾಗೆ ನಕ್ಕದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ನನಗೂ ಸಂತೋಷವಾಯಿತು.

ಆ ವಾರ ನನ್ನ ಬಾಳಿನ ಸುವರ್ಣ ಯುಗ! ಬಂಗುಡೆ ಬಂತು, ಕಾಣೆ ಬಂತು, ಅಂಜಲ್ ಬಂತು. ಅತ್ತೆ ಕತ್ತು ತಿರುಗಿಸಲಿಲ್ಲ. ನಾನು ಕಾಯಿಸಿದ ಮೀನನ್ನು ಗರಿಗರಿಯಾಗಿ, ಎಣಿಸದೆ ತಿಂದೆ.

ಎರಡನೇ ಸುತ್ತಿನಲ್ಲಿ ಬಂದದ್ದು ಹಾವು.

ಹೆಡೆ ಎತ್ತಿದ ಹಳದಿ ಹಾವು ಹಲಗೆಯ ಮೇಲೆ ಅತ್ತಿಂದಿತ್ತ ಹರಿದಾಡುತ್ತಿತ್ತು. ಅತ್ತೆ ಹಿಡಿಕೆ ಕೆಳಗಿಟ್ಟು ಕೈಮುಗಿದರು. "ಹೋಗು ಸ್ವಾಮೀ, ಹೋಗು. ಮಕ್ಕಳು ಮರಿ ಇರುವ ಮನೆ" ಎಂದರು. ಅದು ಹೋಗಲಿಲ್ಲ, ಬಂದು ಕಿಟ್ಟನನ್ನು ಕಚ್ಚಿತು. ಮತ್ತೆ ಆಟ, ಮತ್ತೆ ಕೈಮುಗಿತ, ಮತ್ತೆ ಕಚ್ಚಿಸಿಕೊಂಡದ್ದು. ತುಳುನಾಡಿನಲ್ಲಿ ಹುಟ್ಟಿದವರು ನಾಗನ ದಾರಿಗೆ ಅಡ್ಡ ಹೋಗುವುದುಂಟೇ? ಕೊನೆಗೆ ಅತ್ತೆಗೆ ಆಟವೇ ಸಾಕಾಯಿತು. ಕುರ್ಚಿ ಪುನಃ ಜಗಲಿಗೆ ಬಂತು.

"ನಿನ್ನೆ ತಂದ ಅಂಜಲ್ ನಾನು ನೋಡಲೇ ಇಲ್ಲ. ಇವತ್ತಿಂದ ಇಲ್ಲೇ ಇರ್ತೇನೆ."

"ಮಾಮಿ, ಹಾವು ದಾಟುವುದು ಎಂತ ದೊಡ್ಡ ಸಂಗತಿ? ಬನ್ನಿ, ನಾನು ತೋರಿಸ್ತೇನೆ" ಎಂದು, ಕುರ್ಚಿ ಸಮೇತ ಅವರನ್ನು ಟಿ.ವಿ. ಮುಂದೆ ತಂದು ಕೂರಿಸಿದೆ. ಹಿಡಿಕೆ ಹಿಡಿದೆ. ಹಾವಿನ ಆಚೆ ಬದಿಗೆ ಹಾರಬೇಕೆಂದು ಬಟನ್ ಒತ್ತಿದೆ. ಒಂದು ಕ್ಷಣ ಮುಂಚೆ ಒತ್ತಿದೆನೋ ಏನೋ, ಕಿಟ್ಟ ನೇರ ಅದರ ಹೆಡೆಯ ಮೇಲೆ ಎರಡೂ ಕಾಲು ಊರಿ ಇಳಿದ!

ಹಾವು ಅಪ್ಪಚ್ಚಿಯಾಯಿತು. ಅಷ್ಟಾದರೂ ಸುಮ್ಮನಿರಬಾರದೇ ಆ ಹಾಳು ಪೆಟ್ಟಿಗೆ? ಮದುವೆ ಮನೆಯ ಬ್ಯಾಂಡಿನ ಹಾಗೆ ಪೀಂ ಪೀಂ ಎಂದು ಊದಿ, ಪರದೆ ತುಂಬ ನಕ್ಷತ್ರ ಸುರಿಸಿ, ನನಗೆ ಐನೂರು ಪಾಯಿಂಟ್ ಬಹುಮಾನ ಕೊಟ್ಟಿತು.

"ಕೊಂದರು!" ಅತ್ತೆ ಎದೆ ಹಿಡಿದುಕೊಂಡರು. "ನಾಗನನ್ನು ಕೊಂದರಲ್ಲ ಮಾರಾಯ್ರೆ! ಬ್ಯಾಂಡು ಬೇರೆ ಬಾರಿಸಿದರು!"

ಆಶಾ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. "ಎಂತ ಮಾಡಿದ್ರಿ ನೀವು? ಇರುವೆಗೂ ನೋವಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ?"

"ಅದು ಬರೀ ಬೆಳಕು ಮಾರಾಯ್ತಿ! ಚಿತ್ರ! ಸತ್ತೇ ಇಲ್ಲ, ನೋಡು ಬೇಕಾದರೆ" ಎಂದು ಪೆಟ್ಟಿಗೆ ಆಫ್ ಮಾಡಿ ಪುನಃ ಆನ್ ಮಾಡಿದೆ. ಬೆವರು ಒರೆಸಿಕೊಳ್ಳುತ್ತ ಮೊದಲ ಸುತ್ತು ದಾಟಿಸಿದೆ. ಹಾವು ಜೀವಂತವಾಗಿ ಹರಿದಾಡುತ್ತಿತ್ತು. "ಕಂಡಿರಾ ಮಾಮಿ? ಬದುಕಿ ಉಂಟು!"

ಅತ್ತೆ ಕನ್ನಡಕ ಏರಿಸಿ ನೋಡಿದರು. ಅವರ ಧ್ವನಿ ಇಳಿದುಹೋಯಿತು.

"ಇದು ಅದಲ್ಲ. ಇದು ಹೆಣ್ಣು. ಗಂಡನನ್ನು ಕೊಂದವರು ಯಾರು ಅಂತ ಹುಡುಕಿಕೊಂಡು ಬಂದದ್ದು. ನೋಡಿ, ನಿಮ್ಮನ್ನೇ ನೋಡ್ತಾ ಉಂಟು."

ನಂಬುತ್ತೀರೋ ಇಲ್ಲವೋ, ನನಗೂ ಅದು ನನ್ನನ್ನೇ ನೋಡಿದಂತೆ ಕಂಡಿತು. ಥಟ್ಟನೆ ಸ್ವಿಚ್ ಆರಿಸಿದೆ.

ಸಂಜೆಗೆ ಭಟ್ರನ್ನು ಕರೆಸಲಾಯಿತು. ನಮ್ಮ ಮನೆಗೆ ಗಣಹೋಮಕ್ಕೆ ಬರುವವರು, ತಿಳಿದವರು, ನಕ್ಕುಬಿಡುತ್ತಾರೆ ಎಂದು ನನ್ನ ಭರವಸೆ. ಅವರು ಟಿ.ವಿ. ಮುಂದೆ ಮಣೆ ಹಾಕಿಸಿಕೊಂಡು ಕುಳಿತು, "ಹಾರುವುದು ಯಾವುದರಲ್ಲಿ?" ಎಂದು ಕೇಳಿ, ಸುಮಾರು ಹೊತ್ತು ಆಡಿ, ಕಿಟ್ಟನನ್ನು ಹಲವು ಸಲ ಹೊಂಡಕ್ಕೆ ಹಾಕಿದ ಮೇಲೆ ಬಾಯಿ ತೆರೆದರು.

"ದೇಹ ಇಲ್ಲದ ಮೇಲೆ ಸರ್ಪಸಂಸ್ಕಾರ ಮಾಡುವ ಹಾಗಿಲ್ಲ. ಶಾಸ್ತ್ರಪ್ರಕಾರ ದೋಷವೂ ಇಲ್ಲ."

ನಾನು ಗೆದ್ದೆ ಎಂದು ಎದ್ದು ನಿಂತೆ.

"ಆದರೆ ಹಿರಿಯರ ಮನಸ್ಸಿಗೆ ತ್ರಾಸ ಆಗಿದೆಯಲ್ಲ, ಅದನ್ನು ಬಿಡುವ ಹಾಗಿಲ್ಲ. ನಿಮ್ಮ ಕುಟುಂಬದ ಮೂಲದ ನಾಗಬನದಲ್ಲಿ ತಂಬಿಲದ ಪೂಜೆ ಮಾಡಿಸಿ, ಎಳನೀರು ಎರೆಯಿರಿ. ಅಲ್ಲಿಯವರೆಗೆ ಕೊಂದವರು ಮೀನು ಮಾಂಸ ಮುಟ್ಟದಿದ್ದರೆ ಒಳ್ಳೆಯದು."

ನಾನು ಕುಳಿತೆ. "ತಂಬಿಲ ನಾಳೆಯೇ ಮಾಡಿಸುವ" ಎಂದೆ.

"ನಾಳೆ ಹೇಗೆ ಆಗ್ತದೆ?" ಎಂದರು ಅತ್ತೆ. "ನಿಮ್ಮ ಮೂಲಸ್ಥಾನದ ಯಜಮಾನರು ನಿಮ್ಮ ಗುಣಪಾಲ ಮಾವ ಅಲ್ವಾ? ಅವರಿಲ್ಲದೆ ತಂಬಿಲ ಉಂಟಾ? ಅವರು ಬೊಂಬಾಯಿಯ ಹೋಟೆಲು ಬಿಟ್ಟು ಊರಿಗೆ ಬರುವುದು ಮೇ ತಿಂಗಳ ಕೊನೆಗೆ."

ಮೇ ಕೊನೆ! ಓದುಗರೇ, ನೀವು ಕರಾವಳಿಯವರಾದರೆ ಈ ಎರಡು ಪದ ಸಾಕು. ಬೇರೆಯವರಿಗೆ ಬಿಡಿಸಿ ಹೇಳುತ್ತೇನೆ: ಜೂನಿನಲ್ಲಿ ಮಳೆ ಹಿಡಿದು ಬೋಟುಗಳು ದಡ ಸೇರುತ್ತವೆ. ಎಂದರೆ ಒಂದಿಡೀ ಮೀನಿನ ಕಾಲ ನನ್ನ ಕಣ್ಣ ಮುಂದೆಯೇ ಹಾದು ಹೋಗಲಿತ್ತು.

"ಹಾಗಾದರೆ ಮನೆಗೇ ಮೀನು ಬೇಡ" ಎಂದೆ, ಕೊನೆಯ ಅಸ್ತ್ರವಾಗಿ.

"ಅಯ್ಯೋ, ನನಗೆ ಬಿಡಲಿಕ್ಕಾಗ್ತದಾ? ಡಾಕ್ಟರು ಹೇಳಿದ್ದಾರಲ್ಲ, ಎಲುಬಿಗೆ" ಎಂದರು ಅತ್ತೆ. "ತರುವುದು ನೀವೇ ತನ್ನಿ. ಚೀಲ ಹಿಡಿದರೆ ದೋಷ ಇಲ್ಲ. ಅಲ್ವಾ ಭಟ್ರೇ?"

ಭಟ್ರು ತಲೆಯಾಡಿಸಿದರು. ಅವರ ಕಣ್ಣು ಟಿ.ವಿ.ಯ ಮೇಲಿತ್ತು.

ಈಗ ನನ್ನ ದಿನಚರಿ ಹೀಗಿದೆ. ಬೆಳಿಗ್ಗೆ ದಕ್ಕೆಗೆ ಹೋಗುತ್ತೇನೆ. ನಾನು ತಿನ್ನುವುದಿಲ್ಲ ಎಂದಾದ ಮೇಲೆ ಆಸೆಯಿಲ್ಲದ ಕಣ್ಣಿಗೆ ಒಳ್ಳೆಯ ಮೀನೇ ಬೀಳುತ್ತದೆ. ಅತ್ತೆ ಕಿವಿರು ಎತ್ತಿ, "ಭಾರೀ ತಾಜಾ ಉಂಟು ನಿತ್ಯಾನಂದರೇ, ಈಗ ಮೀನು ಆರಿಸಲಿಕ್ಕೆ ಕಲಿತಿರಿ" ಎನ್ನುತ್ತಾರೆ. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅತ್ತೆಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ. ಆಮೇಲೆ ತೊಂಡೆಕಾಯಿ ಪಲ್ಯದಲ್ಲಿ ಊಟ ಮಾಡಿ ಆಫೀಸಿಗೆ ಹೋಗುತ್ತೇನೆ.

ಆಟವನ್ನಾದರೂ ಅತ್ತೆ ಬಿಟ್ಟರೇ? ಮೊನ್ನೆ ಸಂಜೆ ನಾನು ಮನೆಗೆ ಬಂದಾಗ ಕಿಟ್ಟ ಎರಡನೇ ಸುತ್ತಿನ ಹಲಗೆಯ ಮೇಲೆ ಕಾಯುತ್ತ ನಿಂತಿದ್ದ. ಒಳಗಿನಿಂದ ಬಂಗುಡೆ ಕಾಯಿಸುವ ವಾಸನೆ ಚಾವಡಿ ತುಂಬಿತ್ತು.

"ಬಂದ್ರಾ? ನಿಮಗಾಗಿಯೇ ಕಾಯ್ತಿದ್ದೆ" ಎಂದು ಅತ್ತೆ ಪ್ರೀತಿಯಿಂದ ಹಿಡಿಕೆ ನನ್ನ ಕೈಗಿತ್ತರು. "ಈ ಹಾವನ್ನು ಒಮ್ಮೆ ತುಳಿದುಕೊಡಿ. ಮುಂದಿನದ್ದು ನಾನು ಆಡ್ತೇನೆ."

"ಮಾಮಿ! ದೋಷ?"

"ಭಟ್ರನ್ನು ಕೇಳಿ ಆಗಿದೆ. ಒಂದು ಕೊಂದರೂ ನೂರು ಕೊಂದರೂ ತಂಬಿಲ ಒಂದೇ ಅಂತೆ. ನಿಮಗೆ ಹೇಗೂ ದೋಷ ಆಗಿ ಆಗಿದೆಯಲ್ಲ!"

ನಾನು ಬಟನ್ ಒತ್ತಿದೆ. ಬ್ಯಾಂಡು ಊದಿತು.